ಸೊರಬದ ಬಸ್ಸು ಹತ್ತಿದ ಅತ್ತೆ

ಕೆಲವರ ಬದುಕಿನಲ್ಲಿ ಏನೇನೋ ನಡೆಯುತ್ತದೆ. ಕೆಲವರ ಬದುಕಿನಲ್ಲಿ ಏನೂ ನಡೆಯುವುದಿಲ್ಲ, ಅವರ ಕಣ್ಣೆದುರಿಗೆ ಮಾತ್ರ ಎಲ್ಲವೂ ನಡೆಯುತ್ತದೆ. ನಾನು ಈ ಎರಡನೆಯ ಪೈಕಿ. ಮೂಲೆಯಲ್ಲಿ ಸುಮ್ಮನೆ ಕೂತವಳ ಮುಂದೆ ಜನ ಯಾವ ಸಂಕೋಚವೂ ಇಲ್ಲದೆ ತಮ್ಮ ಪಾಡಿಗೆ ತಾವು ಇದ್ದುಬಿಡುತ್ತಾರೆ. ಅಲ್ಲೊಬ್ಬಳು ಕೂತಿದ್ದಾಳೆ ಅನ್ನುವುದೇ ಅವರಿಗೆ ಮರೆತುಹೋಗಿರುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಪಾತ್ರೆ ಅಂಗಡಿಯ ಮಹಡಿ ಮೇಲೆ, ನಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಸೆಂಟರ್ ಇತ್ತು. ಕೆಳಗೆ ಹಿತ್ತಾಳೆ ಕೊಡಗಳನ್ನು ಬಡಿದು ನೋಡುವ ಸದ್ದು, ಮೇಲೆ ಫ್ಯಾನು ತಿರುಗುವ ಸದ್ದು, ನಡುವೆ ನಾನು. ಮನೆಯಲ್ಲಿ ಕನ್ನಡ, ಓದಿದ್ದು ಇಂಗ್ಲಿಷ್ ಮೀಡಿಯಂ. ಎರಡರಲ್ಲೂ ನಾನು ಮಾತಾಡಿದ್ದು ಕಡಿಮೆ. ಸೆಂಟರಿನ ಮಾಲೀಕರನ್ನು ಊರೆಲ್ಲ ‘ಸರ್’ ಅನ್ನುತ್ತಿತ್ತು. ಅವರು ಮಾತಾಡಿ ಮಾತಾಡಿ ಗಿರಾಕಿಗಳನ್ನು ತರುತ್ತಿದ್ದರು. ನಾನು ಮಾತಾಡದೆ ಪ್ರೋಗ್ರಾಂ ಬರೆಯುತ್ತಿದ್ದೆ. ಇಬ್ಬರಿಗೂ ಇದು ಒಗ್ಗಿತ್ತು.

ನಮ್ಮಲ್ಲಿ ಸರಿ ಐತ್ರಿ

ನಮ್ಮ ದೊಡ್ಡ ಗಿರಾಕಿ ಅಂದರೆ ಸೊರಬದ ಒಂದು ಗೊಬ್ಬರದ ಅಂಗಡಿ. ಗೊಬ್ಬರ, ಬಿತ್ತನೆ ಬೀಜ, ಔಷಧಿ ಮಾರುತ್ತಿದ್ದರು. ಅವರಿಗೆ ಕಂಪ್ಯೂಟರ್ ಕೊಡಿಸಿದವರು ಸರ್, ಬಿಲ್ಲು ಮಾಡುವ ಪ್ರೋಗ್ರಾಂ ಬರೆದವಳು ನಾನು. ಮೊದಮೊದಲು ಸೊಗಸಾಗಿ ನಡೆಯಿತು. ಆಮೇಲೆ ಯಾವಾಗಲೋ ಒಮ್ಮೆ, ಬಿಲ್ಲಿನ ಮಧ್ಯದಲ್ಲಿ, ಪ್ರೋಗ್ರಾಂ ಏನನ್ನೋ ನೆನಪು ಮಾಡಿಕೊಂಡಂತೆ ನಿಂತುಬಿಡತೊಡಗಿತು. ಬರಬರುತ್ತಾ ನಿಲ್ಲುವುದೇ ಹೆಚ್ಚಾಯಿತು.

ಇಂಥದ್ದಕ್ಕೆಂದೇ ನಾನೊಂದು ಸಲಕರಣೆ ಬರೆದಿಟ್ಟುಕೊಂಡಿದ್ದೆ. ಅದೂ ಒಂದು ಪ್ರೋಗ್ರಾಮೇ, ಆದರೆ ತಾನಾಗಿ ಏನೂ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವ ಪ್ರೋಗ್ರಾಮಿನ ಬೆನ್ನ ಹಿಂದೆ ನಿಂತು, ಅದರ ಒಂದೊಂದು ಹೆಜ್ಜೆಯನ್ನೂ ನೋಡಿ, ಎಲ್ಲಿ ಎಡವಿತು ಅಂತ ಪರದೆ ಮೇಲೆ ಬರೆಯುತ್ತದೆ. ಸರ್ ಅದನ್ನು ನೋಡಿದ ದಿನವೇ, “ಇದು ಥೇಟ್ ಅತ್ತೆ ಇದ್ದಂಗೆ ಐತಲ್ಲಮ್ಮ” ಅಂದರು. ಹೆಸರು ಅದೇ ಉಳಿಯಿತು.

ಸೊರಬದ ದೂರು ಬಂದ ಮೇಲೆ ನಮ್ಮ ಸೆಂಟರಿನ ಮಷಿನ್ನಿನಲ್ಲಿ ಬಿಲ್ಲಿನ ಪ್ರೋಗ್ರಾಂ ಓಡಿಸಿ, ಹಿಂದೆ ಅತ್ತೆಯನ್ನು ನಿಲ್ಲಿಸಿದೆ. ದಿನವಿಡೀ ಅತ್ತೆಗೆ ಒಂದು ತಪ್ಪೂ ಸಿಗಲಿಲ್ಲ. ಸಂಜೆ ಸೊರಬದ ಯಜಮಾನರ ಫೋನು ಬಂತು.

“ನಮ್ಮಲ್ಲಿ ಸರಿ ಐತ್ರಿ,” ಅಂದರು ಸರ್.

“ಇಲ್ಲಿ ನಿಂತದೆಯಲ್ಲ ಮಾರಾಯ್ರೆ.”

“ಆಫ್ ಮಾಡಿ ಆನ್ ಮಾಡ್ರಿ.”

“ಮಾಡಿದೆ. ಈಗ ಆನ್ ಮಾಡಿದ್ ಕೂಡ್ಲೆ ನಿಲ್ತದೆ. ಮುಂಚೆ ನಾಲ್ಕು ಬಿಲ್ಲಾದ್ರೂ ಆಗ್ತಿತ್ತು.”

“ಏನೋ ಗೊತ್ತಿಲ್ಲ ನೋಡ್ರಿ. ನಮ್ಮಲ್ಲಿ ಬೆಳಿಗ್ಗಿಂದ ಒಂದ್ಸಲನೂ ನಿಂತಿಲ್ಲ.”

ಯಜಮಾನರು ತಣ್ಣಗೆ ಕೇಳಿದರು: “ಹಂಗಾದ್ರೆ ನಮ್ಮ ಗಿರಾಕಿಗಳನ್ನೆಲ್ಲ ಶಿಕಾರಿಪುರದ ಬಸ್ಸು ಹತ್ತಿಸ್ಲಾ?”

ಫೋನಿಟ್ಟು ಸರ್ ನನ್ನ ಕಡೆ ತಿರುಗಿದರು. ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು.

“ಹೆದರ್ಬ್ಯಾಡಮ್ಮ. ಅವ್ರು ಮಷಿನ್ ವಾಪಸ್ ಕಳಿಸಿದ್ರೆ ಈ ಪ್ರೋಗ್ರಾಂ ಬರೆಯೋ ಕೆಲಸ ನಿಲ್ಲಿಸ್ತೀವಿ, ಅಷ್ಟೇ. ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ. ಹುಡುಗರಿಗೆ ಕಂಪ್ಯೂಟರ್ ಕ್ಲಾಸ್ ಶುರು ಮಾಡೋಣ. ನೀನೇ ಮುಂದೆ ನಿಂತು ಪಾಠ ಮಾಡು.”

ಕೆಲಸ ಹೋಗುತ್ತದೆ ಅಂದರೆ ಜನ ಹೆದರುವುದನ್ನು ಕೇಳಿದ್ದೇನೆ. ನನಗೆ ಕೆಲಸ ಉಳಿಯುತ್ತದೆ ಅಂದಾಗಲೇ ಹೆದರಿಕೆಯಾದದ್ದು.

ಕಿಟಕಿ ಪಕ್ಕದ ಪ್ರಯಾಣಿಕ

ಅತ್ತೆಗೆ ಒಂದು ದೊಡ್ಡ ಊನವಿತ್ತು. ಅವಳು ಹುಟ್ಟಿ ಬೆಳೆದದ್ದು ನಮ್ಮ ಸೆಂಟರಿನ ಮಷಿನ್ನಿನಲ್ಲಿ. ತಪ್ಪು ಕಂಡರೆ ಅದನ್ನು ಬಣ್ಣದ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ರೂಢಿ. ಸೊರಬದ ಪರದೆಯಲ್ಲಿ ಹಸಿರು ಬಿಟ್ಟರೆ ಬೇರೆ ಬಣ್ಣವಿಲ್ಲ. ಅಲ್ಲಿ ಅತ್ತೆಯನ್ನು ಓಡಿಸಿದರೆ ಪರದೆ ಪೂರ್ತಿ ಕಪ್ಪಾಗಿ, ಅವಳು ಏನು ಹೇಳುತ್ತಿದ್ದಾಳೆ ಅನ್ನುವುದೇ ಕಾಣುತ್ತಿರಲಿಲ್ಲ.

“ಅತ್ತೆ ಒಬ್ಬಳೇ ಹೋಗಕ್ಕೆ ಬರ್ದಿದ್ರೆ ಮನೆ ಸಮೇತ ಕರ್ಕೊಂಡು ಹೋಗೋಣ,” ಅಂತ ಸರ್ ಸೆಂಟರಿನ ಕಂಪ್ಯೂಟರನ್ನೇ ಒಂದು ಹೊದಿಕೆಯಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದರು. ಪರದೆ ಇರುವ ಭಾಗವನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿದ್ದಾಯಿತು.

“ಇದೇನ್ರೀ?” ಅಂತ ಕೇಳಿದ ಕಂಡಕ್ಟರ್.

“ಕಂಪ್ಯೂಟರ್ರು.”

ಕಂಡಕ್ಟರನ ಹತ್ತಿರ ಕೋಳಿಗೆ, ಕುರಿಗೆ, ಸೈಕಲ್ಲಿಗೆ, ಅಡಿಕೆ ಮೂಟೆಗೆ, ಎಲ್ಲಕ್ಕೂ ಒಂದೊಂದು ದರ ಇತ್ತು. ಇದಕ್ಕಿರಲಿಲ್ಲ. “ಟಿವಿ ಲೆಕ್ಕದಾಗೆ ಹಾಕ್ತೀನಿ,” ಅಂದ.

“ಟಿವಿ ಅಲ್ರೀ. ಇದರಾಗೆ ಸಿನಿಮಾ ಬರಂಗಿಲ್ಲ.”

“ಸೀರಿಯಲ್ಲು?”

“ಅದೂ ಬರಂಗಿಲ್ಲ.”

“ಹೋಗ್ಲಿ, ವಾರ್ತೆ?”

“ಊಹೂಂ.”

ಕಂಡಕ್ಟರ್ ಬಹಳ ಕನಿಕರದಿಂದ ಅದನ್ನು ನೋಡಿದ. “ಕೆಟ್ಟಿರೋ ಟಿವಿಗೆ ಅರ್ಧ ಟಿಕೆಟ್ ಸಾಕು ಬಿಡ್ರಿ.”

ಶಿರಾಳಕೊಪ್ಪದಲ್ಲಿ ಒಬ್ಬ ಅಜ್ಜಿ ಹತ್ತಿದರು. ಸೊರಬಕ್ಕೆ ಹೋಗಿ ಅಲ್ಲಿಂದ ಉಳವಿಗೆ ಹೋಗುವವರು. ಬಸ್ಸು ಕುಲುಕಿದಾಗೆಲ್ಲ ಪರದೆ ತಲೆ ಅಲ್ಲಾಡಿಸುವುದನ್ನು ನೋಡಲಾಗದೆ, ಅದನ್ನೆತ್ತಿ ತೊಡೆ ಮೇಲೆ ಮಲಗಿಸಿಕೊಂಡರು. ಗಾಳಿ ಹೊಡೆಯಬಾರದು ಅಂತ ಸೆರಗಿನ ಚುಂಗು ಹೊದಿಸಿದರು. ಹೊದಿಕೆ, ಸೆರಗು ಎರಡೂ ಮುಚ್ಚದೆ ಉಳಿದ ಗಾಜಿನೊಳಗೆ ಕಿಟಕಿಯಾಚೆಯ ಗದ್ದೆ, ಕೆರೆ ಏರಿ, ಒಂಟಿ ಈಚಲು ಮರ, ಎಲ್ಲ ತಿರುಗುಮುರುಗಾಗಿ ತೇಲಿಹೋಗುತ್ತಿದ್ದವು. ಒಂದು ಬೆಳ್ಳಕ್ಕಿ ಗಾಜಿನ ಈ ಅಂಚಿನಿಂದ ಹೊರಟು ಆ ಅಂಚಿಗೆ ಹೋಗುವಷ್ಟರಲ್ಲಿ ಕರಗಿಹೋಯಿತು. ಆರಿಸಿಟ್ಟ ಪರದೆ ಅಷ್ಟು ಚೆಂದವಾಗಿ ಕೆಲಸ ಮಾಡುವುದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

“ಇದು ಎಲ್ಲಿಗೆ ಹೋಗ್ತದೆ ಮಗಾ?” ಅಂದರು ಅಜ್ಜಿ.

“ಸೊರಬಕ್ಕೆ.”

“ಎಂತಕ್ಕೆ?”

ನನಗೆ ಬಿಡಿಸಿ ಹೇಳಲು ಬರಲಿಲ್ಲ. “ಅಲ್ಲಿ ಇಂಥದ್ದೇ ಇನ್ನೊಂದಿದೆ. ಅದಕ್ಕೆ ಹುಷಾರಿಲ್ಲ,” ಅಂದೆ.

“ನೋಡ್ಕಂಡು ಬರಕ್ಕಾ?”

“ಹೂಂ.”

ಅಜ್ಜಿ ತಲೆಯಾಡಿಸಿ, ಚೀಲಕ್ಕೆ ಕೈ ಹಾಕಿ ಎರಡು ಬಾಳೆಹಣ್ಣು ತೆಗೆದು ಕಂಪ್ಯೂಟರಿನ ಮೇಲಿಟ್ಟರು. “ಹುಷಾರಿಲ್ಲದವ್ರ ಮನೆಗೆ ಬರಿಗೈಲಿ ಹೋಗಬಾರ್ದು.”

ಸೊರಬದ ಅಂಗಡಿಯಲ್ಲಿ ನಮ್ಮ ಮಷಿನ್ನು ದಿನವಿಡೀ ನೀರು ಹರಿದಂತೆ ಬಿಲ್ಲು ಮಾಡಿತು. ಅತ್ತೆಗೆ ಅಲ್ಲಿಯೂ ಒಂದು ತಪ್ಪೂ ಸಿಗಲಿಲ್ಲ. ಸಂಜೆ ನಾವು ಗಂಟು ಕಟ್ಟಲು ಎದ್ದರೆ ಯಜಮಾನರು ಅಡ್ಡ ನಿಂತರು.

“ಇದು ಇಲ್ಲೇ ಇರಲಿ. ನಮ್ಮದನ್ನ ನೀವು ತಗಂಡು ಹೋಗಿ. ನಿಮ್ಮಲ್ಲಿ ಎಲ್ಲಾ ಸರಿ ಇರ್ತದೆ ಅಂತೀರಲ್ಲ, ಅದೂ ಸರಿ ಇರ್ತದೆ.”

ಸರ್ ಕಂಡರೆ ಹೆದರುವ ಮಷಿನ್

ಹೇಗೋ ಒಪ್ಪಿಸಿ ನಮ್ಮ ಮಷಿನ್ನನ್ನು ವಾಪಸ್ ತಂದೆವು. ಅದಾದ ಮೇಲೆ ಸರ್ ಒಂದು ದಿನ ಮೊದಲನೇ ಬಸ್ಸಿಗೆ ಹೋಗಿ, ಅಂಗಡಿ ಬಾಗಿಲು ತೆಗೆಯುತ್ತಲೇ ಮಷಿನ್ನನ್ನು ತಾವೇ ಶುರು ಮಾಡಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಸಂಜೆಯವರೆಗೂ ಅದು ಒಂದು ಸಲವೂ ನಿಲ್ಲಲಿಲ್ಲ. ಸರ್ ವಾಪಸ್ ಬಂದರು. ಮರುದಿನ ಬೆಳಿಗ್ಗೆ ಫೋನು: ನಿಂತಿದೆ.

ಇನ್ನೊಂದು ವಾರ ಮತ್ತೆ ಹೋದರು. ಮತ್ತೆ ಹಾಗೆಯೇ. ಸರ್ ಇದ್ದರೆ ನಡೆಯುತ್ತದೆ, ಸರ್ ಬಸ್ಸು ಹತ್ತಿದರೆ ಮರುದಿನ ನಿಲ್ಲುತ್ತದೆ.

ಅಂಗಡಿಯಲ್ಲಿ ಕಂಪ್ಯೂಟರ್ ನಡೆಸುತ್ತಿದ್ದವರು ಯಜಮಾನರ ಹೆಂಡತಿ. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. “ಶಾಲೆ ಮಕ್ಕಳು ಮೇಷ್ಟ್ರು ಇರೋವಷ್ಟು ಹೊತ್ತು ಸುಮ್ಮನಿರಲ್ವಾ, ಹಂಗೇ ಇದೂ,” ಅಂದರಂತೆ ಅಕ್ಕ. ಇದನ್ನು ಹೇಳುವಾಗ ಸರ್ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಇತ್ತು. ಯಜಮಾನರು ಅವರದೊಂದು ಫೋಟೋ ಕೇಳಿ ಪಡೆದು, ಮಷಿನ್ನಿನ ಎದುರಿಗೇ ಗೋಡೆಗೆ ಅಂಟಿಸಿದ್ದರು.

ಮೂರ್ನಾಲ್ಕು ದಿನ ಸೊರಬದಲ್ಲಿ ಕರೆಂಟೇ ಇರಲಿಲ್ಲ, ದೂರಿನ ಫೋನೂ ಇಲ್ಲ. ಸರ್ ಕಾಲರ್ ಸರಿ ಮಾಡಿಕೊಂಡು ಓಡಾಡಿದರು. ಆಮೇಲೆ ಕರೆಂಟು ಬಂತು, ಹಿಂದೆಯೇ ಫೋನೂ ಬಂತು.

“ಸಾರ್, ಈಗ ನಿಮ್ಮ ಮುಖ ಅದಕ್ಕೆ ರೂಢಿಯಾಗಿಬಿಟ್ಟಿದೆ. ಸ್ವಲ್ಪ ಸಿಟ್ಟು ಮಾಡ್ಕೊಂಡು ತೆಗೆಸಿದ ಫೋಟೋ ಇದ್ರೆ ಕಳ್ಸಿ.”

ಅದೇ ಫೋನಿನಲ್ಲಿ ಇನ್ನೊಂದು ಮಾತೂ ಇತ್ತು. ಮುಂಗಾರಿನ ಬಿತ್ತನೆ ಶುರುವಾಗುವುದರೊಳಗೆ ಮಷಿನ್ ಸರಿಹೋಗದಿದ್ದರೆ ವಾಪಸ್ ಕಳಿಸುತ್ತಾರಂತೆ. ಬಿತ್ತನೆ ಕಾಲದಲ್ಲಿ ಅಂಗಡಿ ತುಂಬ ಜನ. ಆಗ ಇದರ ಮರ್ಜಿ ಕಾಯುತ್ತ ಕೂರಲು ಆಗುವುದಿಲ್ಲ. ಸರ್ ಮರುದಿನವೇ ಒಂದು ಕರಿಹಲಗೆ ತರಿಸಿ ನನ್ನ ಕುರ್ಚಿಯ ಹಿಂದೆ ಒರಗಿಸಿಟ್ಟರು. ಈಗಿಂದಲೇ ಅಭ್ಯಾಸವಾಗಲಿ ಅಂತ.

ಬಾಯಿ ಬೇರೆ, ಕಣ್ಣು ಬೇರೆ

ಸರ್ ಇಲ್ಲದಾಗ ಮಾತ್ರ ಮಷಿನ್ ನಿಲ್ಲುವುದಾದರೆ, ಅವರಿಲ್ಲದಾಗಲೇ ಅತ್ತೆ ಅಲ್ಲಿರಬೇಕು. ಅಂಗೈಯಗಲದ ಒಂದು ಫ್ಲಾಪಿ ಡಿಸ್ಕಿನಲ್ಲಿ ಹೋಗಿ ಆ ಮಷಿನ್ನಿನಲ್ಲೇ ಕೂತು ನೋಡಬೇಕು. ಆದರೆ ಅಲ್ಲಿ ಅವಳಿಗೆ ಬಾಯಿಲ್ಲ. ಸೊರಬಕ್ಕಾಗಿ ಬೇರೊಬ್ಬ ಅತ್ತೆಯನ್ನೇ ಬರೆಯೋಣವೆಂದರೆ, ನಾಳೆ ಇನ್ನೊಂದು ಊರಿಗೆ ಮತ್ತೊಬ್ಬಳು, ಅದರಾಚೆಗೆ ಮಗದೊಬ್ಬಳು. ಅಷ್ಟು ಜನ ಅತ್ತೆಯರನ್ನು ಯಾರು ಸಾಕುತ್ತಾರೆ?

ಇದನ್ನೇ ಯೋಚಿಸುತ್ತ ಒಂದು ದಿನ ಶಿರಾಳಕೊಪ್ಪದಿಂದ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಉಡುತಡಿ ಹತ್ತಿರ ರಸ್ತೆ ಬದಿಗೆ ಒಂದು ಪವರ್ ಟಿಲ್ಲರ್ ಕಂಡಿತು. ಬೆಳಿಗ್ಗೆ ಹೋಗುವಾಗ ಅದು ಬಾಲಕ್ಕೆ ಟ್ರೇಲರ್ ಸಿಕ್ಕಿಸಿಕೊಂಡು ಮದುವೆಗೆ ಹೊರಟ ಹೆಂಗಸರನ್ನು ಹೊತ್ತೊಯ್ಯುತ್ತಿತ್ತು. ಈಗ ಟ್ರೇಲರ್ ಇಲ್ಲ. ಪಕ್ಕಕ್ಕೊಂದು ಬೆಲ್ಟ್ ಬಿಗಿದು ಕೆರೆಯಿಂದ ನೀರೆತ್ತುತ್ತಿತ್ತು. ಸಂಜೆ ಬಿಸಿಲು ಆ ನೀರಿನೊಳಗೆ ಬಿದ್ದು, ತೆಳ್ಳಗೆ ಹರಿದು, ಗದ್ದೆಯ ಬದುವಿನ ಹಿಂದೆ ಹೋಗುವುದನ್ನು ನೋಡುತ್ತ ಕೂತೆ. ಬಸ್ಸು ಮುಂದೆ ಬಂದು ಎಷ್ಟೋ ಹೊತ್ತಾದ ಮೇಲೆ ನನಗೆ ಹೊಳೆಯಿತು. ಇಂಜಿನ್ ಒಂದೇ. ಸಿಕ್ಕಿಸುವುದು ಮಾತ್ರ ಬೇರೆ ಬೇರೆ.

ಅತ್ತೆಯನ್ನು ಎರಡು ಮಾಡಿದೆ. ನೋಡುವ ಕಣ್ಣು ಒಂದು ಕಡೆ; ಅದು ಎಲ್ಲ ಊರಿಗೂ ಒಂದೇ. ಕಂಡದ್ದನ್ನು ಹೇಳುವ ಬಾಯಿ ಬೇರೆಯದೇ ಒಂದು ಚಿಕ್ಕ ತುಂಡು. ಹೋದ ಊರಲ್ಲಿ ಯಾವುದು ಬೇಕೋ ಅದನ್ನು ಸಿಕ್ಕಿಸಿಕೊಂಡರಾಯಿತು. ಹೀಗೆ ಸಿಕ್ಕಿಸುವ ತುಂಡಿಗೆ ಪ್ಲಗಿನ್ ಅನ್ನುತ್ತಾರೆಂದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದೆ. ಸರ್‌ಗೆ ಆ ಪದ ಬಹಳ ಹಿಡಿಸಿತು. ಅಂದೇ ಕೆಳಗಿನ ಪಾತ್ರೆ ಅಂಗಡಿಯವರನ್ನು ಕರೆದು ವಿವರಿಸಿದರು.

“ಅತ್ತೆ ಒಬ್ಬಳೇ ರೀ. ಬಾಯಿ ಮಾತ್ರ ತೆಗೆದು ಪಕ್ಕಕ್ಕೆ ಇಡಬಹುದು. ಬೇಕಾದಾಗ ಹಚ್ಚಬಹುದು.”

ಪಾತ್ರೆ ಅಂಗಡಿಯವರು ಮೆಟ್ಟಿಲ ಕಡೆ ಒಮ್ಮೆ ನೋಡಿ, ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದರು: “ಕಂಪ್ಯೂಟರ್ ಇಲ್ದಿರೋ ಮನೆಗೂ ಬರ್ತದೇನ್ರಿ ಇದು?”

ಹಲ್ಲಿ ನುಡಿಯಿತು

ಸೊರಬಕ್ಕೆ ಕಳಿಸುವ ಮೊದಲು ಹತ್ತಿರದಲ್ಲೇ ಎಲ್ಲಾದರೂ ಪ್ರಯೋಗ ಮಾಡಿ ನೋಡು ಅಂದರು ಸರ್. ಶಿಕಾರಿಪುರದಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ನಮ್ಮದೇ ಪ್ರೋಗ್ರಾಂ ಇತ್ತು, ಅದರಲ್ಲೂ ಲೆಕ್ಕದ ಏನೋ ಸಣ್ಣ ತಕರಾರಿತ್ತು. ಅಲ್ಲಿ ಪರದೆಯ ಮೇಲೆ ಯಾವಾಗಲೂ ಸೀರೆ ರಾಶಿ ಬಿದ್ದಿರುತ್ತಿದ್ದರಿಂದ ಬರೆದು ತೋರಿಸಿ ಪ್ರಯೋಜನವಿಲ್ಲ. ತಪ್ಪು ಕಂಡರೆ ಸದ್ದು ಮಾಡುವ ಬಾಯಿ ಬರೆದೆ. ಜೋರಾಗಿ ಕೂಗಿಸಲು ನನಗೆ ನಾಚಿಕೆ. ಬಹಳ ಸಣ್ಣ ದನಿ ಕೊಟ್ಟೆ. ಕೊಟ್ಟ ಮೇಲೆ ಕೇಳಿದರೆ ಅದು ಥೇಟ್ ಗೋಡೆ ಹಲ್ಲಿಯ ದನಿ.

ಹಣೆ ತುಂಬ ವಿಭೂತಿ ಇಟ್ಟುಕೊಂಡ ಅಂಗಡಿಯವರು ಒಬ್ಬ ಅತ್ತೆ ಸೊಸೆಗೆ, ನಿಜವಾದ ಅತ್ತೆ ಸೊಸೆಗೆ, ಸೀರೆ ತೋರಿಸುತ್ತಿದ್ದರು. ನಾನು ಗಾದಿಯ ಮೂಲೆಯಲ್ಲಿ ಕೂತಿದ್ದೆ.

“ಬಣ್ಣ ಹೋಗಂಗಿಲ್ಲ ತಾನೇ?” ಅಂದಳು ಸೊಸೆ.

“ಸೀರೆ ಹರಿದು ಹೋಗಬೋದು, ಬಣ್ಣ ಹೋಗಂಗಿಲ್ಲ,” ಅಂದರು ಅಂಗಡಿಯವರು.

ಸೀರೆ ರಾಶಿಯೊಳಗಿಂದ ಸದ್ದು ಬಂತು: ಲೊಚ್ ಲೊಚ್ ಲೊಚ್.

ಅತ್ತೆ ತಕ್ಷಣ ಬೆರಳಲ್ಲಿ ನೆಲ ಕುಟ್ಟಿ, “ಶಿವ ಶಿವ” ಅಂದರು. “ಹಲ್ಲಿ ನುಡೀತು ನೋಡೇ. ಮಾತು ಸತ್ಯ. ತಗೋ ಸುಮ್ನೆ.”

ಸೊಸೆ ತಗೊಂಡಳು. ಅತ್ತೆಯೂ ಒಂದು ತಗೊಂಡರು.

ಆ ದಿನ ಅಂಗಡಿಯಲ್ಲಿ ಹಲ್ಲಿ ಬಹಳ ಸಲ ನುಡಿಯಿತು. ಲೆಕ್ಕದ ತಪ್ಪು ಎಲ್ಲಿದೆ ಅಂತ ಮಧ್ಯಾಹ್ನದೊಳಗೆ ನನಗೆ ಗೊತ್ತಾಯಿತು. ಸರಿಪಡಿಸಿ, ಅತ್ತೆಯನ್ನು ಎತ್ತಿಕೊಂಡು ಹೊರಡುವಷ್ಟರಲ್ಲಿ ಅಂಗಡಿಯವರು ಪಕ್ಕಕ್ಕೆ ಕರೆದರು.

“ನೋಡವ್ವಾ, ಲೆಕ್ಕದ ತಪ್ಪು ತೆಗ್ದಿದ್ದು ಭಾಳ ಚಲೋ ಆತು. ಹಲ್ಲಿ ಮಾತ್ರ ಇರ್ಲಿ.”

ತಪ್ಪಿಲ್ಲದಿದ್ದರೆ ಅದು ನುಡಿಯುವುದಿಲ್ಲ ಅಂತ ಹೇಗೋ ಹೇಳಿದೆ.

“ಹಂಗಾದ್ರೆ ಒಂದು ಸಣ್ಣ ತಪ್ಪು ವಾಪಸ್ ಹಾಕು. ಆದ್ರೆ ನಾನು ಮಾತಾಡ್ದಾಗ ಮಾತ್ರ ನುಡೀಬೇಕು. ಆಗಲೇ ಒಬ್ಬಾಕಿ ‘ರೇಟು ಜಾಸ್ತಿ ಆತು’ ಅಂದ್ಲು ನೋಡು, ಅದಕ್ಕೂ ನುಡಿದುಬಿಡ್ತು.”

ಒಂದು ಒಳ್ಳೆಯ ಶುಕ್ರವಾರ

ಸೊರಬಕ್ಕೆ ಈ ಸಲ ನಾನೊಬ್ಬಳೇ ಹೊರಟೆ. ಸರ್ ಬಂದರೆ ಮಷಿನ್ ಸಭ್ಯವಾಗಿಬಿಡುತ್ತದೆ, ಹಾಗಾಗಿ ಅವರು ಬರುವಂತಿರಲಿಲ್ಲ. ಬಿತ್ತನೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಕೈಚೀಲದಲ್ಲಿ ಅತ್ತೆಯ ಫ್ಲಾಪಿ, ಕಣ್ಣ ಮುಂದೆ ಆ ಕರಿಹಲಗೆ.

ಸೊರಬದ ಬಾಯಿಯನ್ನು ಪ್ರಿಂಟರಿಗೆ ಸಿಕ್ಕಿಸಿದ್ದೆ. ತಪ್ಪು ಕಂಡರೆ ಅತ್ತೆ ಕಾಗದದ ಮೇಲೆ ಅಚ್ಚು ಮಾಡಿ ಹೇಳಬೇಕು. ಆ ಪ್ರಿಂಟರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಮಾತು ಬರೆದಿದ್ದೆ.

ಅಂಗಡಿ ಇನ್ನೂ ಆಗಷ್ಟೇ ತೆರೆದಿತ್ತು. ನಾನು ಬೇವಿನ ಹಿಂಡಿ ಚೀಲದ ಮೇಲೆ ಒಂದು ಮೂಲೆಯಲ್ಲಿ ಕೂತೆ. ಬಾಗಿಲಿನಿಂದ ಬಂದ ಬಿಸಿಲಿನ ಪಟ್ಟಿಯೊಳಗೆ ಗೊಬ್ಬರದ ಧೂಳು, ಊದುಬತ್ತಿಯ ಹೊಗೆ ಎರಡೂ ಒಂದಕ್ಕೊಂದು ಸುತ್ತಿಕೊಂಡು ಮೇಲೇರುತ್ತಿದ್ದವು. ಅಕ್ಕ ಬಂದು ಪರದೆಯ ಹಣೆಗೆ ಕುಂಕುಮ ಇಟ್ಟರು. ಮಷಿನ್ ಹಾಕಿದರು. ಅದು ಹಸಿರಕ್ಷರದಲ್ಲಿ ಏನೋ ಕೇಳಿತು. ಅಕ್ಕ ಗೋಡೆಯ ಕ್ಯಾಲೆಂಡರಿನ ಕಡೆ ನೋಡಲೂ ಇಲ್ಲ. ಮಗುವಿಗೆ ಜಡೆ ಹೆಣೆಯುವಷ್ಟು ಸಲೀಸಾಗಿ ಉತ್ತರ ಟೈಪು ಮಾಡಿದರು. ಮತ್ತೊಂದು ಕೇಳಿತು. ಅದಕ್ಕೂ ಹೇಳಿದರು. ನಾನು ಎದ್ದು ಹೋಗಿ ಅತ್ತೆಯನ್ನು ಒಳಗೆ ಬಿಟ್ಟು, ಮತ್ತೆ ನನ್ನ ಚೀಲದ ಮೇಲೆ ಬಂದು ಕೂತೆ.

ಮೊದಲ ಗಿರಾಕಿ ಬಂದ. ಯೂರಿಯಾ ಕೇಳಿದ. ಅಕ್ಕ ಬಿಲ್ಲು ಹಾಕಿದರು. ಮಷಿನ್ ನಿಂತಿತು.

ಪ್ರಿಂಟರ್ ಕಿರ್ ಕಿರ್ ಅಂದಿತು. ಅತ್ತೆ ಬರೆದಿದ್ದಳು: “ಅಕ್ಕಾ, ಈ ದಿನದ ಈ ನಿಮಿಷಕ್ಕೆ ಒಂದು ಬಿಲ್ಲು ಮೊದಲೇ ಆಗಿದೆ.” ಕೆಳಗೆ ತಾರೀಖಿತ್ತು. ಕಳೆದ ಕಾರ್ತಿಕ ಮಾಸದ ಒಂದು ಶುಕ್ರವಾರ.

ಹೊರಗೆ ಹಲಸಿನ ಹಣ್ಣು ಮಾರುತ್ತಿದ್ದರು. ಬೇಸಿಗೆ ಮುಗಿಯುತ್ತ ಬಂದಿತ್ತು.

“ಅಕ್ಕಾ, ಬೆಳಿಗ್ಗೆ ಇದು ತಾರೀಖು ಕೇಳುತ್ತಲ್ಲ, ಏನು ಹೇಳ್ತೀರಿ?”

“ಪೂಜೆ ಮಾಡಿ ಇದನ್ನ ಶುರು ಮಾಡಿದ್ವಲ್ಲ, ಆ ಶುಕ್ರವಾರದ್ದು.”

“ದಿನಾನೂ?”

“ದಿನಾನೂ. ಆಮೇಲೆ ಹೊತ್ತು ಕೇಳ್ತದೆ. ಮುಹೂರ್ತದ ಹೊತ್ತು ಹೇಳ್ತೀನಿ. ಒಳ್ಳೇದು ಹೇಳಿ ಶುರು ಮಾಡು ಅಂತ ಇವ್ರೇ ಹೇಳಿದ್ದು.”

“ಮತ್ತೆ ಬಿಲ್ಲಿನ ಮೇಲೆ ಅದೇ ಹಳೇ ತಾರೀಖು ಬರುತ್ತಲ್ಲ?”

ಯಜಮಾನರು ಗಲ್ಲಾ ಪಕ್ಕದಿಂದ ತಾರೀಖಿನ ರಬ್ಬರ್ ಸ್ಟಾಂಪ್ ಎತ್ತಿ ತೋರಿಸಿದರು. “ಅದರ ಮೇಲೆ ಇದನ್ನ ಹೊಡೀತೀನಲ್ಲ. ಅದು ಮಷಿನ್ನಿಗೆ, ಇದು ಗಿರಾಕಿಗೆ.”

ಎಲ್ಲ ತಿಳಿಯಿತು. ತಾರೀಖನ್ನು ನೆನಪಿಟ್ಟುಕೊಳ್ಳಲು ಮಷಿನ್ನಿನೊಳಗೆ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಸೊರಬದ್ದು ಮೊದಲಿಂದಲೇ ಸತ್ತಿತ್ತು, ಅದಕ್ಕೇ ಅದು ದಿನಾ ಕೇಳುತ್ತಿತ್ತು. ಬಿಲ್ಲಿನ ನಂಬರನ್ನು ನಾನು ತಾರೀಖು ಮತ್ತು ನಿಮಿಷ ಸೇರಿಸಿ ಮಾಡಿದ್ದೆ. ಅವರ ಪ್ರಿಂಟರಿಗೆ ಒಂದು ಬಿಲ್ಲು ಮುಗಿಸಲು ನಿಮಿಷಕ್ಕಿಂತ ಹೆಚ್ಚು ಬೇಕು, ಒಂದೇ ನಿಮಿಷಕ್ಕೆ ಎರಡು ಬಿಲ್ಲು ಹೇಗೆ ಬಂದೀತು ಅನ್ನುವ ಧೈರ್ಯ. ಇಲ್ಲಿ ನೋಡಿದರೆ ಭತ್ತದ ಕೊಯ್ಲು ಆಗಿಹೋಗಿತ್ತು, ಚಳಿ ಬಂದು ಹೋಗಿತ್ತು, ಮಾವು ಹೂಬಿಟ್ಟು ಕಾಯಾಗಿತ್ತು, ಮಷಿನ್ನಿನೊಳಗೆ ಮಾತ್ರ ಇನ್ನೂ ಅದೇ ಕಾರ್ತಿಕದ ಶುಕ್ರವಾರ, ಅದೇ ಎಳೆ ಬಿಸಿಲು. ಅಷ್ಟೂ ತಿಂಗಳ ವ್ಯಾಪಾರವನ್ನು ಆ ಒಂದು ದಿನದೊಳಗೆ ತುಂಬಿದ್ದರು. ಆ ದಿನದಲ್ಲಿ ಈಗ ಜಾಗವೇ ಉಳಿದಿರಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಅದೇ ಮುಹೂರ್ತ, ಎಲ್ಲಕ್ಕಿಂತ ಮೊದಲು ತುಂಬಿಹೋದ ಹೊತ್ತು. ಸರ್ ಬಂದಾಗ ಮಾತ್ರ ತಮ್ಮ ಕೈಗಡಿಯಾರ ನೋಡಿ ಅಂದಿನ ತಾರೀಖು ಕೊಡುತ್ತಿದ್ದರು. ಮಷಿನ್ ಅವರಿಗೆ ಹೆದರಿರಲಿಲ್ಲ. ಅವರು ಬಂದ ದಿನ ಅದಕ್ಕೂ ಬೆಳಗಾಗುತ್ತಿತ್ತು.

“ಯಜಮಾನ್ರೇ, ಇವತ್ತಿನ ತಾರೀಖು ಕೊಡಬೇಕು,” ಅಂದೆ.

“ಇವತ್ತು ಮಂಗಳವಾರ. ಅದ್ರಲ್ಲೂ ಕೃತ್ತಿಕೆ. ಇಂಥ ದಿನದ ಹೆಸರು ಹೇಳಿ ಮಷಿನ್ ಶುರು ಮಾಡಿದ್ರೆ ವ್ಯಾಪಾರ ಹತ್ತುತ್ತದಾ ತಂಗಿ?”

ಅಷ್ಟರಲ್ಲಿ ಅಂಗಡಿಗೆ ಜನ ಸೇರಿದ್ದರು. ಸುಮ್ಮನಿದ್ದರೆ ಮಷಿನ್ ವಾಪಸ್. ಮಷಿನ್ ವಾಪಸ್ ಆದರೆ ಕರಿಹಲಗೆ. ಎದ್ದು ನಿಂತೆ. ಖಾಲಿ ಗೊಬ್ಬರದ ಚೀಲವೊಂದು ಕಾಲ ಬಳಿ ಬಿದ್ದಿತ್ತು, ಅದನ್ನೆತ್ತಿಕೊಂಡೆ.

“ಆ ಶುಕ್ರವಾರ ಅಂದ್ರೆ ಈ ಚೀಲ ಅಂದ್ಕೊಳ್ಳಿ. ಒಳ್ಳೇ ಚೀಲವೇ. ಒಂದು ದಿನದ ಬಿಲ್ಲು ಹಾಕಿದ್ರಿ, ಹಿಡೀತು. ಮರುದಿನದ್ದೂ ಇದಕ್ಕೇ ಹಾಕಿದ್ರಿ. ಹದಿನೈದು ದಿನದ್ದೂ ಇದಕ್ಕೇ...”

“ತುಂಬಿದ ಮೇಲೂ ತುರುಕಿದ್ರೆ ಹರೀತದೆ,” ಅಂದ ಯೂರಿಯಾದವನು.

“ಹೊಲಿಗೆ ಬಿಚ್ಚೋದೇ ಮೊದಲು,” ಅಂದ ಇನ್ನೊಬ್ಬ. “ಒಳ್ಳೇ ಚೀಲ ಅಂತ ಎಲ್ಲಾ ಅದಕ್ಕೇ ತುಂಬ್ತಾರೇನ್ರೀ ಯಾರಾದ್ರೂ?”

“ಹಂಗಾದ್ರೆ ರಾತ್ರಿ ಅದನ್ನ ಖಾಲಿ ಮಾಡಿದ್ರೆ?” ಅಂತ ಒಬ್ಬರು ನನ್ನನ್ನೇ ಕೇಳಿದರು. ಖಾಲಿ ಮಾಡಿದರೆ ಹಳೆಯ ಲೆಕ್ಕವೆಲ್ಲ ಹೋಗುತ್ತದೆ ಅಂದೆ. ಉಳವಿ ಕಡೆಯ ಇಬ್ಬರು ಹೆಂಗಸರು, “ಮೊದ್ಲಿಂದ ಹೇಳು ಮಗಾ, ನಾವು ಈಗ ಬಂದ್ವಿ,” ಅಂದರು. ಮೊದಲಿಂದ ಹೇಳಿದೆ. ನನ್ನ ದನಿ ಅಷ್ಟು ದೂರ ಕೇಳುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಹೊಸ ಬ್ಯಾಟರಿ ಹಾಕಿಬಿಟ್ಟರೆ ಮಷಿನ್ ತಾರೀಖು ಕೇಳುವುದೇ ಇಲ್ಲ ಅಂದಾಗ ಅಕ್ಕನ ಮುಖ ಸಣ್ಣಗಾಯಿತು.

“ಕೇಳೋದೇ ಇಲ್ವಾ? ಈ ಮನೇಲಿ ಬೆಳಿಗ್ಗೆ ಎದ್ದ ಕೂಡ್ಲೆ ನನ್ನನ್ನ ಒಂದು ಮಾತು ಕೇಳೋದು ಅದೊಂದೇ.”

ಹಾಗಾಗಿ ಕೇಳುವುದನ್ನು ಉಳಿಸಿದೆ. ಅತ್ತೆಯ ಕಣ್ಣು ಮುಟ್ಟಲಿಲ್ಲ. ಸೊರಬದ ಬಾಯಿಗೆ ಮಾತ್ರ ಎರಡು ಪ್ರಶ್ನೆ ಕಲಿಸಿದೆ. ಮೊದಲು ‘ಒಳ್ಳೆಯ ದಿನ ಯಾವುದು ಅಕ್ಕಾ?’ ಅಂತ ಕೇಳುತ್ತದೆ. ಅಕ್ಕ ಆ ಶುಕ್ರವಾರ ಹೇಳುತ್ತಾರೆ. ಅದನ್ನು ಗೌರವದಿಂದ ಕೇಳಿಸಿಕೊಂಡು, ಎಲ್ಲೂ ಬರೆದಿಟ್ಟುಕೊಳ್ಳದೆ, ‘ಇವತ್ತು ಯಾವ ದಿನ?’ ಅನ್ನುತ್ತದೆ. ಯಜಮಾನರಿಗೆ ಬಹಳ ಸಮಾಧಾನವಾಯಿತು. “ಈಗ ಮಷಿನ್ನಿಗೆ ಸಂಸ್ಕಾರ ಬಂತು,” ಅಂದರು.

ಬಿಲ್ಲುಗಳು ಹೊರಟವು. ಮಧ್ಯಾಹ್ನ ಸರ್ ಫೋನು ಮಾಡಿದರು. ಅವರ ದನಿ ರಿಸೀವರಿನಿಂದ ಅಂಗಡಿಗೆಲ್ಲ ಕೇಳುತ್ತಿತ್ತು.

“ಸರಿಯಾತು ಸಾರ್,” ಅಂದರು ಯಜಮಾನರು. “ಮಷಿನ್ ಇಲ್ಲೇ ಇರ್ತದೆ. ಅಲ್ಲ, ನಿಮ್ಮ ಹುಡುಗಿ ಬಾಯೇ ಬಿಡಲ್ಲ ಅಂದಿದ್ರಿ? ಇಡೀ ಅಂಗಡಿ ನಿಲ್ಲಿಸ್ಕಂಡು ಪಾಠ ಮಾಡಿದ್ಲು. ಉಳವಿಯವ್ರು ಬಸ್ಸು ಬಿಟ್ಟು ಕೇಳಿದ್ರು.”

“ಹೌದೇನ್ರಿ?” ಸರ್ ದನಿಯಲ್ಲಿ ಸಂತೋಷ ಉಕ್ಕಿತು. “ಹಂಗಾದ್ರೆ ಪ್ರೋಗ್ರಾಮೂ ಬರೀಲಿ, ಕ್ಲಾಸೂ ತಗಳ್ಳಿ.”

ನಾನು ಎರಡೂ ಕೈಯಲ್ಲಿ ಬೇಡ ಬೇಡ ಅಂತ ಸನ್ನೆ ಮಾಡಿದೆ. ಯಜಮಾನರು ನೋಡಿದರು. ನನ್ನ ಕಷ್ಟ ಅವರಿಗೆ ಪೂರ್ತಿ ಅರ್ಥವಾದಂತೆ ಕಂಡಿತು. ರಿಸೀವರಿಗೆ ಅಂಗೈ ಮುಚ್ಚಿ, “ಹೆದರ್ಬೇಡ ತಂಗಿ, ನಾನು ಹೇಳ್ತೀನಿ” ಅಂದರು. ಆ ಕ್ಷಣ ಅವರು ನನಗೆ ದೇವರಂತೆ ಕಂಡರು. ಮೊಳೆಗೆ ನೇತುಹಾಕಿದ್ದ ಪಂಚಾಂಗ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ಸಾವಕಾಶವಾಗಿ ಓದಿ, ಅಂಗೈ ತೆಗೆದರು.

“ಸಾರ್, ಇವತ್ತು ಮಾತ್ರ ಬೇಡ. ದಿನ ಸರಿ ಇಲ್ಲ, ಅದಕ್ಕೇ ಪಾಪ ಅವಳೂ ಬೇಡ ಅಂತಿದಾಳೆ. ನಾಳೆ ಬುಧವಾರ, ರೋಹಿಣಿ. ವಿದ್ಯೆ ಶುರು ಮಾಡಕ್ಕೆ ಇಷ್ಟು ಒಳ್ಳೇ ಮುಹೂರ್ತ ಈ ವರ್ಷ ಮತ್ತೆ ಸಿಗಲ್ಲ. ಹುಡುಗರನ್ನ ಬೆಳಿಗ್ಗೇನೇ ಕೂರಿಸಿಬಿಡಿ, ಇವಳನ್ನ ನಾನು ಸಂಜೆ ಬಸ್ಸಿಗೇ ಹತ್ತಿಸಿ ಕಳಿಸ್ತೀನಿ.”